ಅಕ್ಟೋಬರ್ ಇಪ್ಪತ್ತೊಂದರ ಬಾವುಟ

ಅವರು ತೀರಿಕೊಂಡಾಗ ನಮ್ಮ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಬರೆದವನು ನಾನೇ. ಬಂದರು ಕಚೇರಿಯ ನಿವೃತ್ತ ಸಿಗ್ನಲ್ ಮ್ಯಾನ್, ಯುದ್ಧಕಾಲದಲ್ಲಿ ನೌಕಾಪಡೆಯಲ್ಲಿದ್ದವರು, ಕುಲಶೇಖರದ ನಿವಾಸಿ, ಅಕ್ಕನನ್ನೂ ಅಕ್ಕನ ಮಗಳನ್ನೂ ಅಗಲಿದ್ದಾರೆ. ಸುದ್ದಿಯಲ್ಲಿ ತಪ್ಪಿರಲಿಲ್ಲ. ಪುಟದಲ್ಲಿ ಐದನೆಯ ಸಾಲಿಗೆ ಜಾಗವಿರಲಿಲ್ಲ. ಇದ್ದಿದ್ದರೂ ಅಲ್ಲಿ ಏನು ಬರೆಯಬೇಕಿತ್ತೆಂದು ಆಗ ನನಗೆ ತಿಳಿಯುತ್ತಿರಲಿಲ್ಲ. ಈಗ ಬರೆಯುತ್ತಿರುವುದು ಆ ಐದನೆಯ ಸಾಲು. ಸ್ವಲ್ಪ ಉದ್ದವಾಗಿದೆ.

ಬಂದರಿನಲ್ಲಿ ಎಲ್ಲರೂ ಅವರನ್ನು ಸಿಗ್ನಲ್ ಮಾಸ್ಟ್ರು ಎನ್ನುತ್ತಿದ್ದರು. ಹುದ್ದೆಯ ಹೆಸರಿನಲ್ಲಿ ಮಾಸ್ಟ್ರು ಇರಲಿಲ್ಲ. ಜನ ಹಾಗೆ ಕರೆದಾಗ ಅವರು ತಿದ್ದಲೂ ಇಲ್ಲ. ಎತ್ತರದ ಆಳು. ಇಸ್ತ್ರಿ ಮಾಡಿದ ಖಾಕಿ, ಎರಡೂ ತುದಿ ಮೇಲಕ್ಕೆ ತಿರುವಿದ ಮೀಸೆ, ಕಂಕುಳಲ್ಲಿ ಒಂದು ಹಿತ್ತಾಳೆಯ ದುರ್ಬೀನು. ದುರ್ಬೀನಿನ ಗಾಜು ಒಡೆದು ವರ್ಷಗಳಾಗಿದ್ದವು. ಅದರಲ್ಲಿ ನೋಡಿದರೆ ಒಂದು ಹಡಗು ಎರಡಾಗಿ ಕಾಣುತ್ತಿತ್ತು. ಅವರು ಅದರಲ್ಲಿ ನೋಡುತ್ತಿರಲಿಲ್ಲ, ಹಿಡಿದುಕೊಳ್ಳುತ್ತಿದ್ದರು. ನಡೆಯುವಾಗ ಕಾಲುಗಳನ್ನು ಅಗಲ ಇಟ್ಟು, ನೆಲ ಎಡಕ್ಕೂ ಬಲಕ್ಕೂ ವಾಲುತ್ತಿದೆ ಎಂಬಂತೆ ನಡೆಯುತ್ತಿದ್ದರು. ಬಂದರಿನ ರಸ್ತೆ ಸಮತಟ್ಟಾಗಿದೆ.

ನಾನು ಪತ್ರಿಕೆಗೆ ಸೇರಿದ್ದು ಐವತ್ತರ ದಶಕದ ಆರಂಭದಲ್ಲಿ. ಹೊಸಬರಿಗೆ ಕೊಡುವ ಕೆಲಸ ನನಗೆ ಕೊಟ್ಟರು, ಬಂದರು ವಾರ್ತೆ. ಯಾವ ಹಡಗು ಬಂತು, ಏನು ಇಳಿಸಿತು, ಏನು ತುಂಬಿಸಿತು. ದಿನಕ್ಕೆ ಮೂರು ನಾಲ್ಕು ಸಾಲು. ಮೊದಲ ದಿನ ನಾನು ಹಂಪನಕಟ್ಟೆಯಿಂದ ಇಳಿಜಾರಿನಲ್ಲಿ ನಡೆದು ಬಂದರು ಕಚೇರಿಗೆ ಹೋದಾಗ ಮಾಸ್ಟ್ರು ಧ್ವಜಸ್ತಂಭದ ಕೆಳಗೆ ನಿಂತಿದ್ದರು. ನಾನು ಪುಸ್ತಕ ತೆಗೆದು, ಮುಂಬಯಿಯ ಸ್ಟೀಮರ್ ಬಂತಲ್ಲವೇ ಎಂದು ಕೇಳಿದೆ.

"ಬರಲಿಲ್ಲ" ಎಂದರು.

ಸ್ಟೀಮರ್ ಸಮುದ್ರದಲ್ಲಿ ನಮ್ಮ ಕಣ್ಣೆದುರಿಗೇ ಇತ್ತು. ನಾನು ಕೈ ತೋರಿಸಿದೆ.

"ಅದು ಕಾಣ್ತಾ ಉಂಟು ಅಷ್ಟೆ. ಕಾಣುವುದು ಬೇರೆ, ಬರುವುದು ಬೇರೆ. ಲಂಗರು ಬಿದ್ದ ಮೇಲೆ ಬರೀರಿ. ಅದೂ ಬಂತು ಅಂತ ಅಲ್ಲ, ಲಂಗರು ಹಾಕಿದೆ ಅಂತ. ನಮ್ಮ ಬಂದರಿಗೆ ಯಾವ ಸ್ಟೀಮರೂ ಬರುವುದಿಲ್ಲ ಪೇಪರಿನವರೇ, ಅಷ್ಟು ಆಳಕ್ಕೆ ನೀರಿಲ್ಲ. ಹೊರಗೆ ನಿಂತು ಹೋಗ್ತವೆ."

ಲಂಗರು ಬೀಳುವ ತನಕ ನನ್ನನ್ನು ನಿಲ್ಲಿಸಿದರು. ಆಮೇಲೆ ಹದಿನೈದು ವರ್ಷ ನಾನು ಬಂದರು ವಾರ್ತೆಯಲ್ಲಿ ಲಂಗರು ಹಾಕಿದೆ ಎಂದೇ ಬರೆದೆ.

ಯುದ್ಧಕಾಲದಲ್ಲಿ ಅವರು, ಶತ್ರು ನೀರಿನಡಿ ಇಟ್ಟ ಸಿಡಿಗುಂಡುಗಳನ್ನು, ಅಂದರೆ ಮೈನು, ಹುಡುಕಿ ತೆಗೆಯುವ ಒಂದು ಸಣ್ಣ ಹಡಗಿನಲ್ಲಿ ಸಂಕೇತದ ಕೆಲಸದಲ್ಲಿದ್ದರು. ಕುಲಶೇಖರದಲ್ಲಿ ಅವರ ಕುಟುಂಬಕ್ಕೆ ಗದ್ದೆಯಿತ್ತು. ಗದ್ದೆ ನೋಡಿಕೊಳ್ಳಬೇಕಾದ ಅಳಿಯ ಸಮುದ್ರಕ್ಕೆ ಹೋದನೆಂದು ಸೋದರಮಾವ ಸಾಯುವ ತನಕ ಮಾತು ಬಿಟ್ಟಿದ್ದರಂತೆ. ಹಡಗಿನಲ್ಲಿದ್ದಷ್ಟು ವರ್ಷ ಶತ್ರುವನ್ನು ಒಮ್ಮೆಯೂ ನೋಡಲಿಲ್ಲ ಎಂದು ಮಾಸ್ಟ್ರು ನನಗೆ ಮೊದಲ ವಾರದಲ್ಲೇ ಹೇಳಿದರು. ಮೈನೂ ಸಿಗಲಿಲ್ಲ. "ಹುಡುಕಿದ್ದು ಸರಿಯಾಗಿ ಹುಡುಕಿದ್ದೇವೆ" ಎಂದರು.

ನೌಕಾಪಡೆಯ ಸಂಕೇತ ಶಾಲೆಯಲ್ಲಿ ಅವರಿಗೆ ಪಾಠ ಹೇಳಿದ ಇಂಗ್ಲಿಷಿನವನೊಬ್ಬ ಟ್ರಫಾಲ್ಗರ್ ಭೂಶಿರದ ಎದುರು ನಡೆದ ನೌಕಾಯುದ್ಧವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದ್ದನಂತೆ. ಸಾವಿರದೆಂಟುನೂರ ಐದನೆಯ ಇಸವಿ, ಅಕ್ಟೋಬರ್ ಇಪ್ಪತ್ತೊಂದು. ಇಂಗ್ಲಿಷರು ಒಂದು ಕಡೆ, ಫ್ರೆಂಚರೂ ಸ್ಪೇನಿನವರೂ ಸೇರಿ ಇನ್ನೊಂದು ಕಡೆ. ಇಂಗ್ಲಿಷರ ಅಡ್ಮಿರಲ್ ಬಾವುಟಗಳ ಸಂಕೇತದಲ್ಲಿ ತನ್ನ ಹಡಗುಗಳಿಗೆಲ್ಲ ತಮ್ಮ ತಮ್ಮ ಕರ್ತವ್ಯ ಮಾಡಿ ಎಂಬ ಒಂದು ಮಾತು ಹೇಳಿ ಯುದ್ಧಕ್ಕಿಳಿದ, ಗೆದ್ದ, ಗುಂಡು ತಗಲಿ ಅದೇ ಸಂಜೆ ಸತ್ತ. ಶಾಲೆಯಲ್ಲಿ ಕೂತ ಉಳಿದವರು ಇದನ್ನು ಪರೀಕ್ಷೆಗೆಂದು ಕೇಳಿಸಿಕೊಂಡರು. ಮಾಸ್ಟ್ರು ಅದನ್ನು ಮಂಗಳೂರಿಗೆ ತಂದರು.

ಅಡ್ಮಿರಲ್‌ನ ಹೆಸರನ್ನು ಅವರು ಎಂದೂ ಹೇಳುತ್ತಿರಲಿಲ್ಲ. ದೊಡ್ಡವರನ್ನು ಹೆಸರು ಹಿಡಿದು ಹೇಳುವುದು ಕ್ರಮವಲ್ಲ ಎನ್ನುತ್ತಿದ್ದರು. ಈ ಬರಹದಲ್ಲಿ ನಾನೂ ಅದೇ ಕ್ರಮವನ್ನು ಇಬ್ಬರಿಗೂ ಪಾಲಿಸಿದ್ದೇನೆ.

ಬಂದರು ಕಚೇರಿಗೆ ಸೇರಿದ ವರ್ಷ, ಹಿಂದಿನವರು ಬಿಟ್ಟುಹೋದ ಒಂದು ಪೆಟ್ಟಿಗೆ ತುಂಬ ಸಂಕೇತದ ಬಾವುಟಗಳು ಅವರಿಗೆ ಸಿಕ್ಕಿದವು. ಕೆಲವನ್ನು ಗೆದ್ದಲು ತಿಂದಿತ್ತು. ಉಳಿದವನ್ನು ಅಕ್ಟೋಬರ್ ಇಪ್ಪತ್ತೊಂದರ ಬೆಳಿಗ್ಗೆ ಒಂದರ ಕೆಳಗೊಂದು ಕಟ್ಟಿ ಸ್ತಂಭಕ್ಕೆ ಏರಿಸಿದರು. ಅಡ್ಮಿರಲ್‌ನ ಮಾತನ್ನೇ ಹೇಳಲು ಹೊರಟದ್ದು, ಆದರೆ ಅದರ ಅರ್ಧ ಪದಗಳಿಗೆ ಬಾವುಟ ಇರಲಿಲ್ಲ. ಒಂದು ವರ್ಷ ಹೊರಗೆ ಲಂಗರು ಹಾಕಿದ್ದ ನಾರ್ವೆಯ ಹಡಗಿನ ಕಪ್ತಾನ ದುರ್ಬೀನಿನಲ್ಲಿ ನೋಡಿ, ಏನು ತೊಂದರೆ ಎಂದು ಕೇಳಲು ದೋಣಿ ಕಳಿಸಿದ. ತೊಂದರೆ ಇಲ್ಲ, ಒಬ್ಬರು ತೀರಿಕೊಂಡಿದ್ದಾರೆ ಎಂದು ಮಾಸ್ಟ್ರು ಹೇಳಿಕಳಿಸಿದರು. ದೋಣಿಯವರು ಟೋಪಿ ತೆಗೆದು ಹೋದರು.

ಆ ದಿನ ಅವರು ಮೀನು ತಿನ್ನುತ್ತಿರಲಿಲ್ಲ. ಒಮ್ಮೆ ಅವರ ಮನೆಗೆ ಹೋದಾಗ ಅವರ ಅಕ್ಕ ಇದನ್ನು ನನ್ನೆದುರೇ ಎತ್ತಿದರು. "ಸೋದರಮಾವ ಸತ್ತ ದಿನ ಯಾವುದು ಅಂತ ಕೇಳಿ ಇವನಲ್ಲಿ, ಗೊತ್ತಿಲ್ಲ. ಆ ಬಿಳಿಯನದ್ದು ಗೊತ್ತುಂಟು. ಬಂಗುಡೆ ತಂದು ಇಟ್ಟರೆ ಮುಟ್ಟುವುದಿಲ್ಲ." ಮಾಸ್ಟ್ರು ಚಾ ಕುಡಿಯುತ್ತಿದ್ದರು. ಸೋದರಮಾವ ತನ್ನೊಡನೆ ಮಾತು ಬಿಟ್ಟಿದ್ದರಿಂದ ಯಾವ ದಿನ ಸತ್ತರೆಂದು ಅವರು ತನಗೆ ತಿಳಿಸಲಿಲ್ಲ ಎಂದರು.

ಈ ಬಾವುಟಕ್ಕೆ ಮಾಸ್ಟ್ರು ಕೊಟ್ಟ ಅರ್ಥ ಒಂದು. ದೋಣಿಗಳು ಸರಕು ತುಂಬುವ ಹೊಳೆದಡದ ದಕ್ಕೆಯಲ್ಲಿ ಅದಕ್ಕೆ ಇನ್ನೊಂದು ಅರ್ಥ ಹುಟ್ಟಿಕೊಂಡಿತ್ತು.

ಆಗ ನಮ್ಮ ದಕ್ಕೆಯಿಂದ ಅಮೀನಿ ಕಡೆಯ ದ್ವೀಪಗಳಿಗೆ ಮಂಜಿ ಎಂಬ ದೊಡ್ಡ ಹಾಯಿದೋಣಿಗಳು ಹೋಗುತ್ತಿದ್ದವು. ಅಕ್ಕಿ, ಹಂಚು ಕೊಂಡುಹೋಗಿ ಕೊಬ್ಬರಿ, ನಾರಿನ ಹಗ್ಗ ತರುತ್ತಿದ್ದವು. ಹೆಚ್ಚಿನವು ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮಂಜಿಗಳು. ಕರಾವಳಿಗೆ ಅಂಟಿಕೊಂಡು ಕಲ್ಲಿಕೋಟೆಗೋ ಮುಂಬಯಿಗೋ ಹೋಗುವವರು ಮಳೆಗಾಲ ಮುಗಿದ ಕೂಡಲೇ ಹೊರಡುತ್ತಿದ್ದರು. ದ್ವೀಪಕ್ಕೆ ಹೋಗುವವರು ನಡುಸಮುದ್ರ ದಾಟಬೇಕು. ಅವರು ಅಕ್ಟೋಬರ್ ಅರ್ಧ ಕಳೆಯುವ ತನಕ ಕಾಯುತ್ತಿದ್ದರು. ಮಾಸ್ಟ್ರು ಮೊದಲ ಸಲ ಬಾವುಟ ಏರಿಸಿದ ಮರುದಿನ ಹೊರಟ ಮಂಜಿಗಳು ಎಂದೂ ಇಲ್ಲದಷ್ಟು ಸುಖವಾಗಿ ಹೋಗಿಬಂದವು. ಮುಂದಿನ ವರ್ಷವೂ ಹಾಗೇ ಆಯಿತು. ಮೂರನೆಯ ವರ್ಷದಿಂದ ಆ ಬಾವುಟ ಏರದೆ ದ್ವೀಪದ ಮಂಜಿ ಒಂದೂ ಹೊಳೆ ಸಮುದ್ರ ಸೇರುವ ಅಳಿವೆಯನ್ನು ದಾಟಲಿಲ್ಲ.

ಮಾಸ್ಟ್ರಿಗೆ ಇದು ಸರಿಬರಲಿಲ್ಲ. ಗಾಳಿಗೆ ಬೇರೆ ಸಂಕೇತ ಉಂಟು, ಹವಾಮಾನದ ತಂತಿ ಬಂದರೆ ತಾನು ಕಪ್ಪು ಶಂಕು ಏರಿಸುತ್ತೇನೆ, ಇದು ಒಬ್ಬ ದೊಡ್ಡ ಮನುಷ್ಯ ಸತ್ತ ದಿನದ ಬಾವುಟ ಎಂದು ದಕ್ಕೆಯ ಚಾದಂಗಡಿಯಲ್ಲಿ ಕೂತು ವಿವರಿಸಿದರು. ವಿವರಿಸಲು ಇಡೀ ಯುದ್ಧ ಹೇಳಬೇಕಾಯಿತು. ಹಾಗೆ ಪ್ರತಿವರ್ಷ ಅಕ್ಟೋಬರ್ ಇಪ್ಪತ್ತರ ಸಂಜೆ ಚಾದಂಗಡಿಯಲ್ಲಿ ಯುದ್ಧ ಹೇಳುವುದು ರೂಢಿಯಾಯಿತು. ಗ್ಲಾಸುಗಳೇ ಹಡಗುಗಳು. ಅಂಗಡಿಯವನು ಆ ಒಂದು ಸಂಜೆ ಗ್ಲಾಸು ತೊಳೆಯಲು ಅವಸರ ಮಾಡುತ್ತಿರಲಿಲ್ಲ.

ಕೇಳುವವರಲ್ಲಿ ಹಿರಿಯರು ಹಸನಬ್ಬ ತಾಂಡೇಲರು. ಮಂಜಿ ನಡೆಸುವವರನ್ನು ತಾಂಡೇಲ ಎನ್ನುತ್ತಾರೆ. ಹಸನಬ್ಬರು ಹುಡುಗನಾಗಿದ್ದಾಗಿನಿಂದ ದ್ವೀಪಕ್ಕೆ ಹೋಗುತ್ತಿದ್ದವರು. ಮಾಸ್ಟ್ರೂ ಅವರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ, ನನಗಾಗಿ ನಡುನಡುವೆ ಕನ್ನಡ. ಅಡ್ಮಿರಲ್‌ನ ಬಗ್ಗೆ ತಾಂಡೇಲರಿಗೆ ದೊಡ್ಡ ಅಭಿಪ್ರಾಯವೇನೂ ಮೊದಲಿಗೆ ಇರಲಿಲ್ಲ. ಒಂದು ಕಣ್ಣು ಕಾಣದು, ಒಂದು ಕೈ ಇಲ್ಲ, ಸಮುದ್ರಕ್ಕಿಳಿದರೆ ವಾಂತಿ ಎಂದು ತಿಳಿದಾಗ, "ಇವನಿಗೆ ಮನೆಯಲ್ಲಿ ಹೇಳುವವರು ಯಾರೂ ಇರಲಿಲ್ಲವಾ?" ಎಂದು ಕೇಳಿದರು. ಪದಕಗಳಿದ್ದ ಕೋಟು ಹಾಕಿ ಶತ್ರುವಿನ ಬಂದೂಕಿನೆದುರು ಅಡ್ಡಾಡಿದ ಎಂಬಲ್ಲಿಗೆ ಬಂದಾಗ ಇಡೀ ಚಾದಂಗಡಿಗೆ ಬೇಸರವಾಯಿತು. ಒಂದು ಹಳೇ ಬನಿಯನ್ ಹಾಕಿದ್ದರೆ ಬದುಕುತ್ತಿದ್ದ ಎಂದು ತೀರ್ಮಾನವಾಯಿತು. ಹೆಣ ಕೆಡದಂತೆ ಬ್ರಾಂಡಿಯ ಪೀಪಾಯಿಯಲ್ಲಿ ಇಟ್ಟು ತಂದರು ಎಂಬ ಭಾಗ ಬಂದಾಗ ತಾಂಡೇಲರು ಕೈ ಎತ್ತಿ, "ಅದನ್ನು ಬಿಟ್ಟು ಹೇಳಿ ಮಾಸ್ಟ್ರೇ" ಎಂದರು. ನಮ್ಮ ಜಿಲ್ಲೆಯಲ್ಲಿ ಆಗ ಪಾನನಿಷೇಧ ಇತ್ತು. ಮಾಸ್ಟ್ರು ಮುಂದಿನ ವರ್ಷದಿಂದ ಪೀಪಾಯಿ ಎಂದಷ್ಟೇ ಹೇಳಿದರು.

ತಾಂಡೇಲರ ಅಭಿಪ್ರಾಯ ಬದಲಾದದ್ದು ಕತೆಯ ಕೊನೆಯಲ್ಲಿ. ಗುಂಡು ತಗಲಿದ ಅಡ್ಮಿರಲ್‌ನನ್ನು ಹಡಗಿನ ಕೆಳಗೆ, ಬೆಳಕಿಲ್ಲದ ಕಡೆ ಮಲಗಿಸಿದ್ದರು. ಮೇಲೆ ಏನಾಗುತ್ತಿದೆ ಎಂದು ಅವನಿಗೆ ಕಾಣುತ್ತಿರಲಿಲ್ಲ. ಏನಾಯಿತು ಎಂದು ಕೇಳುತ್ತಲೇ ಇದ್ದ. ಕೊನೆಗೆ ಹಡಗಿನ ಕಪ್ತಾನ ಇಳಿದು ಬಂದು ಗೆದ್ದೆವು ಎಂದ. ಗೆದ್ದ ಸುದ್ದಿ ಕೇಳಿದ ಅಡ್ಮಿರಲ್, ಲಂಗರು ಹಾಕಿಸು ಎಂದ. ಮತ್ತೆ ಅದನ್ನೇ ಹೇಳಿದ. ಸತ್ತ. ಅವನ ನಂತರ ಅಧಿಕಾರಕ್ಕೆ ಬಂದವನು ಕೂಡಲೇ ಲಂಗರು ಹಾಕಿಸಲಿಲ್ಲ. ಬಿರುಗಾಳಿ ಬಂತು. ಗೆದ್ದು ಹಿಡಿದ ಹಡಗುಗಳಲ್ಲಿ ಹೆಚ್ಚಿನವು ಹೋದವು.

ಇದನ್ನು ಕೇಳಿದ ವರ್ಷ ತಾಂಡೇಲರು ತಮ್ಮ ಗ್ಲಾಸನ್ನು ಕೆಳಗಿಟ್ಟರು. ಆಮೇಲೆ ಪಕ್ಕದವರಿಗೆ ಹೇಳಿದರು, "ನೋಡು ಮಾರಾಯ. ಕತ್ತಲೆಯಲ್ಲಿ ಮಲಗಿದ್ದಾನೆ, ಬೆನ್ನಲ್ಲಿ ಗುಂಡು ಉಂಟು. ಆದರೂ ಅವನಿಗೆ ಗಾಳಿ ಗೊತ್ತಾಯ್ತು."

ಆ ಮೇಲೆ ದಕ್ಕೆಯಲ್ಲಿ ಯಾರ ಮನಸ್ಸನ್ನೂ ತಿರುಗಿಸಲು ಸಾಧ್ಯವಿರಲಿಲ್ಲ. ಸಾಯುವಾಗಲೂ ಗಾಳಿ ತಿಳಿದ ಮನುಷ್ಯನ ದಿನ ಅದು. ಆ ದಿನ ಬಾವುಟ ಏರಿದರೆ ಹೊರಡಬಹುದು. ಮಾಸ್ಟ್ರು ಎಷ್ಟು ಸರಿಯಾಗಿ ವಿವರಿಸಿದರೋ ತಪ್ಪು ಅಷ್ಟು ಗಟ್ಟಿಯಾಯಿತು.

ಅವರಿಗೆ ಮಾತ್ರ ಕತೆಯಲ್ಲಿ ಮುಖ್ಯವಾದದ್ದು ಬೇರೆಯೇ ಇತ್ತು. ಅದನ್ನು ನನಗೆ ಒಂದೇ ಸಲ ಹೇಳಿದ್ದಾರೆ. ಮಾಸ್ಟ್ರು ನೌಕಾಪಡೆಯಲ್ಲಿದ್ದಾಗಿನ ಯುದ್ಧ ಮುಗಿದ ಸುದ್ದಿ ಅವರ ಹಡಗಿಗೆ ಇನ್ನೊಂದು ಹಡಗಿನಿಂದ ದೀಪದ ಸಂಕೇತದಲ್ಲಿ ಬಂತು. ಓದಿದವರು ಮಾಸ್ಟ್ರೇ. ಕೆಳಗೆ ಕಾಯಿಲೆಯವರ ಕೋಣೆಯಲ್ಲಿ ಉಳ್ಳಾಲದ ಕಡೆಯ ಒಬ್ಬ ಜ್ವರದಲ್ಲಿ ಮಲಗಿದ್ದ. ಬೆಳಿಗ್ಗೆಯಿಂದ, ಎಂತ ಆಯಿತು, ಮುಗಿಯಿತಾ ಎಂದು ಕೇಳುತ್ತಿದ್ದ. ಬಂದ ಸಂದೇಶವನ್ನು ಮೊದಲು ಸ್ವಚ್ಛವಾಗಿ ಬರೆದು ಅಧಿಕಾರಿಗೆ ಕೊಡಬೇಕು, ಆಮೇಲೆ ಉಳಿದವರಿಗೆ. ಅದು ನಿಯಮ. ಮಾಸ್ಟ್ರು ಸ್ವಚ್ಛವಾಗಿ ಬರೆದು ಕೊಟ್ಟು ಕೆಳಗೆ ಹೋದರು. "ಹೋಗುವಾಗ ಅವನ ಕಣ್ಣು ಮುಚ್ಚಿ ಆಗಿತ್ತು" ಎಂದರು. ನಂತರ, "ಅಡ್ಮಿರಲರಿಗೆ ಸುದ್ದಿ ಮುಟ್ಟಿತು, ಅಲ್ವಾ" ಎಂದು ಸೇರಿಸಿ ಮೀಸೆ ಸರಿಮಾಡಿಕೊಂಡರು.

ಜಿಲ್ಲೆ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಎರಡೋ ಮೂರೋ ವರ್ಷಕ್ಕೆ, ಬಂದರಿಗೆ ಹೊಸ ಅಧಿಕಾರಿ ಬಂದರು. ಘಟ್ಟದ ಮೇಲಿನವರು, ಸಭ್ಯರು, ಕೆಲಸ ಬಲ್ಲವರು. ಅವರು ಬಂದ ತಿಂಗಳಲ್ಲೇ ಅಕ್ಟೋಬರ್ ಇಪ್ಪತ್ತೊಂದೂ ಬಂತು. ಬೆಳಿಗ್ಗೆ ಕಚೇರಿಗೆ ಬಂದವರು ತಲೆಯೆತ್ತಿ ಬಾವುಟಗಳನ್ನು ನೋಡಿ, ಯಾವ ಹಡಗಿಗೆ ಸಂಕೇತ ಕೊಡುತ್ತಿದ್ದೀರಿ ಎಂದು ಕೇಳಿದರು. ನಾನು ಅಲ್ಲೇ ಇದ್ದೆ.

ಯಾವ ಹಡಗಿಗೂ ಅಲ್ಲ ಎಂದು ಮಾಸ್ಟ್ರು ಉತ್ತರಿಸಿದರು. ಕಾರಣವನ್ನೂ ಹೇಳಿದರು. ಅಧಿಕಾರಿ ಪೂರ್ತಿ ಕೇಳಿಸಿಕೊಂಡರು.

"ಇಂಗ್ಲಿಷರು ಹೋಗಿ ಹತ್ತು ವರ್ಷ ದಾಟಿತಲ್ಲ?"

"ಅಡ್ಮಿರಲರು ಅದಕ್ಕಿಂತ ಮೊದಲೇ ಹೋದರು ಸರ್."

ಅಧಿಕಾರಿ ನಗಲಿಲ್ಲ. ಮಾಸ್ಟ್ರೂ ನಗಿಸಲೆಂದು ಹೇಳಿದ್ದಲ್ಲ. ಸರ್ಕಾರಿ ಸ್ತಂಭದ ಮೇಲೆ ಉದ್ದೇಶವಿಲ್ಲದ ಬಾವುಟ ಇರಕೂಡದು, ಇಳಿಸಿ ಎಂದು ಅಪ್ಪಣೆಯಾಯಿತು. ಇಳಿಸಿದರು. ಒಂದೊಂದನ್ನೂ ಮಡಚಿ ಪೆಟ್ಟಿಗೆಯಲ್ಲಿಟ್ಟರು.

ದಕ್ಕೆಯಲ್ಲಿ ಮಂಜಿಗಳು ಅಕ್ಕಿ, ಹಂಚು ತುಂಬಿಸಿಕೊಂಡು ತಯಾರಾಗಿದ್ದವು. ಏರಿದ ಬಾವುಟ ಅರ್ಧ ದಿನದಲ್ಲಿ ಇಳಿದದ್ದನ್ನು ತಾಂಡೇಲರು ಹಿಂದೆ ನೋಡಿರಲಿಲ್ಲ. ಹೊರಡುವುದಿಲ್ಲ ಎಂದರು. ಮರುದಿನವೂ ಹೊರಡಲಿಲ್ಲ. ಆಕಾಶ ತೊಳೆದಿಟ್ಟ ಹಾಗಿತ್ತು. ವ್ಯಾಪಾರಿಗಳು ಅಧಿಕಾರಿಯ ಬಳಿ ಬಂದರು. ಅಧಿಕಾರಿ ದಕ್ಕೆಗೆ ಇಳಿದು ಹವಾಮಾನದ ತಂತಿ ತೋರಿಸಿದರು. ಹಸನಬ್ಬ ತಾಂಡೇಲರು ತಂತಿಯನ್ನು ಗೌರವದಿಂದ ಕೈಯಲ್ಲಿ ಹಿಡಿದು ನೋಡಿ ಹಿಂದೆ ಕೊಟ್ಟರು. "ಹೋಗ್ತೇವೆ ಸಾರ್. ಬಾವುಟ ಬರಲಿ."

ಹಾಗೆ ಮತ್ತೂ ಕೆಲವು ದಿನ ಕಳೆದವು. ಮಂಜಿಯ ಆಳುಗಳಿಗೆ ಹೊರಟರೆ ಮಾತ್ರ ಕೂಲಿ. ಆ ಕಡೆ ದ್ವೀಪದಲ್ಲಿ ಮಳೆಗಾಲದ ಅಕ್ಕಿ ಮುಗಿದು ಜನ ಕಾಯುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಅಧಿಕಾರಿ ಮಾಸ್ಟ್ರನ್ನು ಕರೆದು, ಬಾವುಟ ಏರಿಸಿ ಎಂದರು.

ಮಾಸ್ಟ್ರು ಆಗುವುದಿಲ್ಲ ಎಂದರು.

ಅಧಿಕಾರಿಗೆ ಕೇಳಿಸಿದ್ದು ಸರಿಯೇ ಎಂದು ಖಾತ್ರಿಯಾಗಲಿಲ್ಲ. ಮತ್ತೆ ಹೇಳಿದರು.

"ಇವತ್ತು ಅವರು ಸಾಯಲಿಲ್ಲ ಸರ್" ಎಂದರು ಮಾಸ್ಟ್ರು.

ಇದು ಆಜ್ಞೆ, ಮೀರಿದರೆ ಬೆಂಗಳೂರಿಗೆ ಬರೆಯಬೇಕಾಗುತ್ತದೆ, ಕೆಲಸ ಉಳಿಯುವುದಿಲ್ಲ ಎಂದು ಅಧಿಕಾರಿ ಹೇಳಿದರು. ಬೆದರಿಕೆಯ ಧ್ವನಿಯಲ್ಲಲ್ಲ, ವಿಷಯ ತಿಳಿಸುವ ಧ್ವನಿಯಲ್ಲಿ. ಯೋಚಿಸಲು ಮರುದಿನದ ತನಕ ಸಮಯ ಕೊಟ್ಟರು. ಮಾಸ್ಟ್ರು ಸೆಲ್ಯೂಟ್ ಹೊಡೆದು ಹೊರಗೆ ಬಂದು, ನನ್ನೊಡನೆ ದಕ್ಕೆಯ ಚಾದಂಗಡಿಗೆ ನಡೆದರು. ಅವತ್ತು ನಡಿಗೆ ನೇರವಾಗಿತ್ತು.

ಅಂಗಡಿಯಲ್ಲಿ ಹಸನಬ್ಬ ತಾಂಡೇಲರು ಕೂತಿದ್ದರು. ಸುದ್ದಿ ಅವರಿಗೆ ನಮಗಿಂತ ಮೊದಲೇ ಮುಟ್ಟಿತ್ತು. ಒಂದು ಸುಳ್ಳು ದಿನಕ್ಕೆ ಬಾವುಟ ಏರಿಸಿದರೆ ಅದು ಬಟ್ಟೆ ಒಣಗಿಸಿದ ಹಾಗೆ, ಕೆಲಸ ಹೋದರೆ ಕುಲಶೇಖರದಲ್ಲಿ ಗದ್ದೆ ಉಂಟು, ಸೋದರಮಾವನ ಆಸೆ ಈಗಲಾದರೂ ತೀರುತ್ತದೆ ಎಂದು ಮಾಸ್ಟ್ರು ಹೇಳಿದರು. ತಾಂಡೇಲರು ಗ್ಲಾಸನ್ನು ತಿರುಗಿಸುತ್ತ ಕೇಳಿದರು.

"ಮಾಸ್ಟ್ರೇ, ಅವರ ಹೆಣ ಯಾವ ದಿನ ಬಂದರಿಗೆ ಬಂತು ಹೇಳಿದ್ದಿರಿ?"

ಅಷ್ಟು ವರ್ಷಗಳಲ್ಲಿ ತಾಂಡೇಲರು ಅಡ್ಮಿರಲ್‌ನನ್ನು 'ಅವರು' ಎಂದದ್ದು ಅದೇ ಮೊದಲು.

ಮಾಸ್ಟ್ರು ಅವರ ಮುಖ ನೋಡಿದರು. "ಇಪ್ಪತ್ತೆಂಟಕ್ಕೆ."

"ಗಾಳಿಗೆ ಸಿಕ್ಕಿ ಹಡಗಿನ ಕಂಬ ಮುರಿದು, ಇನ್ನೊಂದು ಹಡಗು ಎಳೆದುಕೊಂಡು ಬಂದದ್ದು."

"ಹೌದು. ಜಿಬ್ರಾಲ್ಟರಿಗೆ."

"ಅಂಥವರ ಹೆಣ ಬಂದರಿಗೆ ಬರುವಾಗ ಬಂದರಿನವರು ಬಾವುಟ ಹಾಕುವುದಿಲ್ಲವಾ?"

ಮಾಸ್ಟ್ರು ಚಾ ಮುಗಿಸಿದರು. ಗ್ಲಾಸನ್ನು ಬೆಂಚಿನ ಮೇಲೆ ಇಟ್ಟರು. "ಹಾಕ್ತಾರೆ" ಎಂದರು. "ಅರ್ಧಕ್ಕೆ."

"ಹಾಗಾದರೆ ನಾಡಿದ್ದು. ಇಷ್ಟು ದಿನ ಕಾದವರಿಗೆ ನಾಡಿದ್ದು ದೂರ ಅಲ್ಲ."

ಮರುದಿನ ಮಾಸ್ಟ್ರು ಅಧಿಕಾರಿಗೆ ಇಪ್ಪತ್ತೆಂಟರಂದು ಏರಿಸುವುದಾಗಿ ಹೇಳಿದರು. ಅಧಿಕಾರಿಗೆ ಆಗ ಯಾವ ದಿನವಾದರೂ ಆಗಬಹುದಿತ್ತು. ಇಪ್ಪತ್ತೆಂಟರ ಬೆಳಿಗ್ಗೆ ಸ್ತಂಭದ ಅರ್ಧಕ್ಕೆ ಬಾವುಟಗಳು ನಿಂತವು. ದಕ್ಕೆಯಲ್ಲಿ ಒಬ್ಬ ಚಿಕ್ಕ ತಾಂಡೇಲ, ಅರ್ಧ ಏರಿದರೆ ಗಾಳಿಯೂ ಅರ್ಧ ಮಾತ್ರ ಸರಿ ಉಂಟಾ ಎಂದು ಕೇಳಿ ಹಸನಬ್ಬರಿಂದ ಬೈಸಿಕೊಂಡ. ಮಧ್ಯಾಹ್ನದ ನೀರಿಳಿತದಲ್ಲಿ ಮಂಜಿಗಳು ಅಳಿವೆ ದಾಟಿದವು. ನಾನು ಎಣಿಸಿ ಬರೆದುಕೊಂಡೆ. ಮಾಸ್ಟ್ರು ಸ್ತಂಭದ ಕೆಳಗೆ, ಕೊನೆಯ ಹಾಯಿ ಮರೆಯಾಗುವ ತನಕ ಅಟೆನ್ಷನ್‌ನಲ್ಲಿ ನಿಂತಿದ್ದರು. ಅದು ಯಾರಿಗೆ ಕೊಟ್ಟ ಗೌರವ ಎಂದು ನಾನು ಕೇಳಲಿಲ್ಲ.

ಅಧಿಕಾರಿ ಮರುವರ್ಷಕ್ಕೆ ಮುಂಚೆಯೇ ಒಂದು ದಾರಿ ಹುಡುಕಿದರು. ಮಳೆಗಾಲದ ತೇವಕ್ಕೆ ಬಾವುಟಗಳು ಬೂಸಲು ಹಿಡಿಯುತ್ತವೆ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಅವುಗಳಿಗೆ ಬಿಸಿಲು ಕಾಣಿಸಬೇಕು. ಬಿಸಿಲು ಕಾಣಿಸುವ ದಿನ ಅಕ್ಟೋಬರ್ ಇಪ್ಪತ್ತೊಂದು. ಹೀಗೆ ಆದೇಶವಾಯಿತು. ಬಟ್ಟೆ ಒಣಗಿಸಿದ ಹಾಗೆ ಎಂದು ಯಾವುದನ್ನು ಮಾಸ್ಟ್ರು ಬೇಡವೆಂದಿದ್ದರೋ ಅದೇ ಈಗ ಸರ್ಕಾರದ ಭಾಷೆಯಲ್ಲಿ ಅವರ ಕೈಸೇರಿತು. ಅವರು ಎರಡು ಸಲ ಓದಿದರು. ದಿನ ಸರಿ ಇದೆ ಎಂದರು.

ಆಮೇಲೆ ಯಾರಿಗೂ ತಕರಾರಿರಲಿಲ್ಲ. ಮಾಸ್ಟ್ರು ಸತ್ತವರಿಗೆ ಬಾವುಟ ಏರಿಸಿದರು, ಸರ್ಕಾರ ಬಾವುಟ ಒಣಗಿಸಿತು, ತಾಂಡೇಲರು ದ್ವೀಪಕ್ಕೆ ಹೋದರು. ಮಾಸ್ಟ್ರು ನಿವೃತ್ತರಾದ ಮೇಲೆ ಬಂದ ಸಿಗ್ನಲ್ ಮ್ಯಾನ್ ಕೂಡ ಆದೇಶದಂತೆ ನಡೆದುಕೊಂಡ. ಆ ದಿನ ಮಾಸ್ಟ್ರು ಕುಲಶೇಖರದಿಂದ ಬಸ್ಸಿನಲ್ಲಿ ಬಂದು, ರಸ್ತೆಯ ಆಚೆ ನಿಂತು ನೋಡಿ, ಚಾ ಕುಡಿದು ಹೋಗುತ್ತಿದ್ದರು.

ಅರವತ್ತರ ದಶಕದ ಕೊನೆಗೆ ಒಂದು ಅಕ್ಟೋಬರಿನಲ್ಲಿ ಅವರು ಫಳ್ನೀರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಶ್ವಾಸಕೋಶದ ಕಾಯಿಲೆ. ವೈದ್ಯರು ಅಕ್ಕನಿಗೆ ಹೇಳಬೇಕಾದದ್ದನ್ನು ಹೇಳಿ ಆಗಿತ್ತು. ಇಪ್ಪತ್ತೊಂದರ ಬೆಳಿಗ್ಗೆ ನಾನು ಹೋದಾಗ ಕಿಟಕಿಯ ಹೊರಗೆ ಸಣ್ಣ ಮಳೆ. ಮಾಸ್ಟ್ರ ಮೀಸೆಯನ್ನು ಯಾರೋ ಆರೈಕೆಗೆ ತೊಡಕೆಂದು ಕತ್ತರಿಸಿದ್ದರು. ಬಾವುಟ ಏರಿತಾ ಎಂದು ಕೇಳಿದರು. ನಾನಿನ್ನೂ ಬಂದರಿಗೆ ಹೋಗಿಲ್ಲ, ಗೊತ್ತಿಲ್ಲ ಎಂದೆ. ಏರಿರಬೇಕು ಎಂದು ಹೇಳಿದ್ದರೆ ಮುಗಿಯುತ್ತಿತ್ತು ಎಂದು ಅಕ್ಕ ಆಮೇಲೆ ನನಗೆ ಹೇಳಿದರು. ಮಾಸ್ಟ್ರು ಉಸಿರು ಒಟ್ಟುಮಾಡಿಕೊಂಡರು.

"ನೋಡಿ ಬನ್ನಿ ಪೇಪರಿನವರೇ. ನೋಡಿ ಆದ ಮೇಲೆ ಆಫೀಸಿಗೆ ಹೋಗಬೇಡಿ. ಮೊದಲು ಇಲ್ಲಿ."

ಬಂದರಿಗೆ ಹೋದೆ. ಸ್ತಂಭ ಖಾಲಿಯಿತ್ತು. ಹೊಸ ಸಿಗ್ನಲ್ ಮ್ಯಾನ್ ಕಚೇರಿಯ ಜಗಲಿಯಲ್ಲಿ ನಿಂತಿದ್ದ. ಬಾವುಟ ಯಾಕಿಲ್ಲ ಎಂದು ಕೇಳಿದೆ. "ಬಿಸಿಲು ಕಾಣಿಸಲಿಕ್ಕೆ ಅಂತ ಅಲ್ವಾ ಸರ್ ಆದೇಶ ಇರುವುದು? ಬಿಸಿಲೇ ಇಲ್ಲ. ಮಳೆಯಲ್ಲಿ ಹಾಕಿದರೆ ಒದ್ದೆ ಆಗ್ತದೆ." ಗಾಳಿಯ ಶಂಕು ಏರಿಸಬೇಕಾದ ತಂತಿಯೂ ಬಂದಿರಲಿಲ್ಲ. ಕಚೇರಿಯ ಲೆಕ್ಕದಲ್ಲಿ ಅದು ಸಾಧಾರಣ ದಿನ.

ದಕ್ಕೆಗೆ ಇಳಿದೆ. ದ್ವೀಪದ ಮಂಜಿಗಳು ತುಂಬಿ ಸಿದ್ಧವಾಗಿದ್ದವು ಎಂದು ಹಿಂದಿನ ದಿನ ನಾನೇ ಬರೆದಿದ್ದೆ. ಈಗ ಅವು ದಕ್ಕೆಯಲ್ಲಿರಲಿಲ್ಲ. ಹೊಳೆಯ ಮೇಲ್ಗಡೆ ಸಾಲಾಗಿ ನಿಂತಿದ್ದವು. ಹಸನಬ್ಬ ತಾಂಡೇಲರು ಒಂದು ಓಡದಿಂದ ಇಳಿದು ಬರುತ್ತಿದ್ದರು. ವಯಸ್ಸಾಗಿತ್ತು, ಮಂಜಿಯಲ್ಲಿ ಈಗ ಮಗ ಹೋಗುತ್ತಿದ್ದ. ಮಾಸ್ಟ್ರು ಕೇಳಿದ್ದನ್ನು ಅವರಿಗೆ ಹೇಳಿದೆ. ಅವರು ಸ್ತಂಭವನ್ನೊಮ್ಮೆ, ಪಡುವಣದ ಆಕಾಶವನ್ನೊಮ್ಮೆ ನೋಡಿ, ಕೊಡೆ ಬಿಡಿಸಿ, ನಡೆಯಿರಿ ಎಂದರು.

ಸಿಟಿ ಬಸ್ಸಿನಲ್ಲಿ ಫಳ್ನೀರಿಗೆ ಹೋದೆವು. ಆಸ್ಪತ್ರೆಯ ಬಾಗಿಲಲ್ಲಿ ತಾಂಡೇಲರು ಚಪ್ಪಲಿ ಬಿಟ್ಟರು, ಬಿಡಬೇಕಾಗಿಲ್ಲ ಎಂದು ದಾದಿ ಹೇಳಿದರೂ ಬಿಟ್ಟರು.

ಮಾಸ್ಟ್ರು ನನ್ನನ್ನು ನೋಡಿ, "ಏರಿತಾ?" ಎಂದರು.

"ಇಲ್ಲ" ಎಂದೆ.

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಅಕ್ಕ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ತಾಂಡೇಲರು ಮಂಚದ ಹತ್ತಿರ ಹೋಗಿ ಬಗ್ಗಿದರು. ಅವರ ಅಂಗಿಯಿಂದ ನೀರು ಇಳಿಯುತ್ತಿತ್ತು.

"ಮಾಸ್ಟ್ರೇ, ಬಾವುಟ ಏರಲಿಲ್ಲ. ಹಾಗಾಗಿ ನಾವು ಹೊರಡಲಿಲ್ಲ. ಲಂಗರು ಹಾಕಿದ್ದೇವೆ."

ಮಾಸ್ಟ್ರು ತಿರುಗಿದರು. "ಯಾರೆಲ್ಲ?"

"ಎಲ್ಲರೂ."

"ದ್ವೀಪದ ಮಂಜಿ ಎಲ್ಲ?"

"ಎಲ್ಲ. ಅಳಿವೆಯ ಒಳಗೆ, ಹೊಳೆಯಲ್ಲಿ. ಒಂದೊಂದರ ಹಗ್ಗ ನಾನೇ ಮುಟ್ಟಿ ನೋಡಿ ಬಂದದ್ದು."

ಮಾಸ್ಟ್ರ ಕೈ ಮೀಸೆಯ ಕಡೆಗೆ ಹೋಗಿ, ಅಲ್ಲಿ ಏನೂ ಸಿಗದೆ, ಹಿಂದೆ ಬಂತು. ಆಮೇಲೆ ನನ್ನನ್ನು ಕೇಳಿದರು.

"ಬರೆದುಕೊಂಡಿರಾ?"

ಬರೆದುಕೊಂಡೆ ಎಂದೆ.

"ಓದಿ."

ದ್ವೀಪಗಳಿಗೆ ಹೋಗುವ ಮಂಜಿಗಳೆಲ್ಲ ಅಳಿವೆಯ ಒಳಗೆ ಲಂಗರು ಹಾಕಿವೆ ಎಂದು ಓದಿದೆ. ಸರಿ ಎಂದು ತಲೆಯಾಡಿಸಿದರು. ತಾಂಡೇಲರು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತರು. ಮಧ್ಯಾಹ್ನ ಊಟದ ಗಾಡಿ ಬಂದಾಗ ಅಕ್ಕ, ಈತನಿಗೆ ಇವತ್ತು ಮೀನು ಬೇಡ ಎಂದು ತಾವಾಗಿಯೇ ಹೇಳಿದರು. ಮಾಸ್ಟ್ರು ಯಾವ ಊಟವನ್ನೂ ಮಾಡುವ ಸ್ಥಿತಿಯಲ್ಲಿರಲಿಲ್ಲ.

ಆ ಸಂಜೆ ತೀರಿಕೊಂಡರು. ತಾಂಡೇಲರು ಅಲ್ಲೇ ಇದ್ದರು. ನಾನು ಕಚೇರಿಗೆ ತಡವಾಗಿ ಹೋಗಿ ನಾಲ್ಕು ಸಾಲು ಬರೆದೆ.

ಗಾಳಿ ಬಂದದ್ದು ಮರುದಿನ. ಹೊಳೆಯಾಚೆಯ ಬೆಂಗ್ರೆಯಲ್ಲಿ ತೆಂಗಿನ ಮರಗಳು ಬಿದ್ದವು, ದಕ್ಕೆಯ ಚಾದಂಗಡಿಯ ಮಾಡು ಹಾರಿ ಹೊಳೆಗೆ ಬಿತ್ತು. ಹವಾಮಾನದ ತಂತಿ ಅದರ ನಂತರ ಬಂತು. ಹಿಂದಿನ ದಿನ ಹೊರಟಿದ್ದರೆ ಮಂಜಿಗಳು ಆ ಹೊತ್ತಿಗೆ ನಡುಸಮುದ್ರದಲ್ಲಿರುತ್ತಿದ್ದವು. ಅವು ಹೊಳೆಯಲ್ಲಿ ಒಂದಕ್ಕೊಂದು ತಾಗಿ ಸ್ವಲ್ಪ ಬಣ್ಣ ಕಳೆದುಕೊಂಡವು.

ಮಂಜಿ ಮುಳುಗಲಿಲ್ಲ, ಯಾರೂ ಸಾಯಲಿಲ್ಲ. ಹಾಗಾಗಿ ಗಾಳಿಯ ಸುದ್ದಿ ಒಳಪುಟಕ್ಕೆ ಹೋಯಿತು. ಬಂದರು ವಾರ್ತೆಯಲ್ಲಿ ನಾನು ಆಸ್ಪತ್ರೆಯಲ್ಲಿ ಓದಿದ್ದ ಸಾಲನ್ನು ಹಾಗೆಯೇ ಕೊಟ್ಟೆ. ಡೆಸ್ಕಿನಲ್ಲಿದ್ದವರು ಓದಿ, ಇದರಲ್ಲಿ ಸುದ್ದಿ ಏನುಂಟು ಎಂದು ಕೇಳಿದರು. ಏನೂ ಇಲ್ಲ ಎಂದೆ. ಅವರು ಪುಟದ ಕಡೆ ನೋಡಿದರು. ಅವತ್ತು ಆ ಮೂಲೆಯಲ್ಲಿ ಒಂದು ಸಾಲಿಗೆ ಜಾಗ ಇತ್ತು.